ಹೊಸ ಶಿಕ್ಷಕಿಯ ಅಂಜಿಕೆ

ನಮ್ಮ ಪ್ರೌಢಶಾಲೆಗಳಲ್ಲಿ ವಿಜ್ಞಾನವೆಂಬುದು ಒಂದೇ ವಿಷಯವಾದರೂ ಅದರೊಳಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳೆಂಬ ಮೂರು ಮನೆಗಳಿವೆ. ಪದವಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನು ಓದಿ ಬಂದವರು, ಪಿಯುಸಿಯ ಅನಂತರ ತೆರೆದೇ ನೋಡದ ಭೌತಶಾಸ್ತ್ರವನ್ನೂ ಬೋಧಿಸಬೇಕಾಗುವುದುಂಟು. ನನ್ನ ತಮ್ಮನ ಮಗಳಿಗೂ ಇದೇ ಪ್ರಸಂಗ ಒದಗಿತು. ಜೀವಕೋಶದ ಪಾಠವನ್ನು ನಿರರ್ಗಳವಾಗಿ ಹೇಳಬಲ್ಲ ಹುಡುಗಿ, ಹತ್ತನೆಯ ತರಗತಿಯ ವಿದ್ಯುಚ್ಛಕ್ತಿಯ ಪಾಠ ಸಮೀಪಿಸಿದಂತೆ ಊಟವನ್ನೇ ಬಿಟ್ಟಳು. "ದೊಡ್ಡಪ್ಪಾ, ಈ ಕೆಲಸ ನನ್ನಿಂದಾಗದು, ರಾಜೀನಾಮೆ ಕೊಡುತ್ತೇನೆ" ಎಂದಳು. ಆಕೆಯ ಸಂಬಳವನ್ನೇ ನೆಚ್ಚಿ ಅವಳ ತಮ್ಮನ ಓದು ನಡೆದಿತ್ತು.

ನಾನು ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿದವನು. ಗುಂಡಿ ಒತ್ತಿದರೆ ದೀಪ ಹತ್ತುತ್ತದೆಂಬಷ್ಟೇ ವಿದ್ಯುತ್ತಿನ ಬಗೆಗಿನ ನನ್ನ ತಿಳಿವು. ಆದರೆ ಅಧ್ಯಾಪನದ ಅಂಜಿಕೆಯನ್ನು ಬಲ್ಲೆ. ಬೆಳಿಗ್ಗೆ ಗುರುಗಳಿಂದ ಕೇಳಿದ ಪಾಠವನ್ನು ಸಂಜೆ ನಾವು ಕಿರಿಯರಿಗೆ ಹೇಳಬೇಕಿತ್ತು. ಕಿರಿಯನೊಬ್ಬನು 'ಏಕೆ?' ಎಂದಾಗಲೇ ನಮ್ಮ ತಿಳಿವು ಎಲ್ಲಿಗೆ ನಿಂತಿದೆಯೆಂಬುದು ಗೊತ್ತಾಗುತ್ತಿತ್ತು. ಆದ್ದರಿಂದ ಆಕೆಗೆ ಧೈರ್ಯದ ಉಪದೇಶ ಮಾಡಲಿಲ್ಲ. "ಮಗಳೆ, ಮುಂದಿನ ವಾರ ಹುಡುಗರಿಗೆ ಹೇಳುವುದನ್ನು ಈಗ ನನಗೆ ಹೇಳು" ಎಂದೆ.

ಪಡಸಾಲೆಯಲ್ಲಿ ಪಾಠ ಆರಂಭವಾಯಿತು. ವಿಭವಾಂತರ ಎರಡರಷ್ಟಾದರೆ ವಿದ್ಯುತ್ ಪ್ರವಾಹವೂ ಎರಡರಷ್ಟಾಗುತ್ತದೆ, ಇದು ಓಮನ ನಿಯಮ ಎಂದಳು. "ತೋರಿಸು" ಎಂದೆ. ಮರುದಿನ ಶಾಲೆಯಿಂದ ಅಮ್ಮೀಟರನ್ನೂ ಟಾರ್ಚಿನ ಬಲ್ಬನ್ನೂ ಸೆಲ್ಲುಗಳನ್ನೂ ತಂದಳು. 1.5 ವೋಲ್ಟಿನ ಒಂದು ಸೆಲ್ಲಿಟ್ಟಾಗ ಮುಳ್ಳು ಸರಿಯಿತು. ಎರಡು ಇಟ್ಟಾಗ ಇನ್ನಷ್ಟು ಸರಿಯಿತು, ಆದರೆ ಎರಡರಷ್ಟು ಸರಿಯಲಿಲ್ಲ. ಆಕೆಯ ಮುಖ ಬಾಡಿತು. ಮೂರು ಸಲ ಮಾಡಿದರೂ ಅದೇ ಫಲ.

ಅದೇ ಶಾಲೆಯ ಗಣಿತದ ಶಿಕ್ಷಕರು ಮಾರನೆಯ ದಿನ ಇದರ ಗಂಟನ್ನು ಬಿಡಿಸಿದರು. ಬಲ್ಬಿನ ತಂತಿ ಕಾದು ಬೆಳಗುತ್ತದೆ. ಕಾದ ಲೋಹದ ರೋಧ ಹೆಚ್ಚುತ್ತದೆ. ತಾಪ ಬದಲಾಗದಿದ್ದರೆ ಮಾತ್ರ ನಿಯಮ ಸಲ್ಲುತ್ತದೆಂದು ಪಠ್ಯದ ಆ ವಾಕ್ಯದಲ್ಲಿಯೇ ಇತ್ತು; ಕಂಠಪಾಠ ಮಾಡುವಾಗ ಆ ಮಾತು ಬರಿಯ ಅಲಂಕಾರದಂತೆ ಕಂಡಿತ್ತು. ಬಲ್ಬಿನ ಬದಲು ನಿಕ್ರೋಮ್ ತಂತಿಯನ್ನು ಜೋಡಿಸಿದಾಗ ಮುಳ್ಳು ಹೇಳಿದ ಮಾತು ಕೇಳಿತು. ಆ ಸಂಜೆ ಆಕೆ ನನಗೆ ಪಾಠ ಹೇಳಿದ ಧ್ವನಿಯೇ ಬೇರೆಯಾಗಿತ್ತು.

ಆಕೆಯೇ ಓದಿ ತಿಳಿಸಿದ ಸಂಗತಿಯೊಂದು ನನಗೆ ಬಹಳ ಹಿಡಿಸಿತು. ಜರ್ಮನಿಯ ಜಾರ್ಜ್ ಓಮ್ ಕೂಡ ಶಾಲಾ ಉಪಾಧ್ಯಾಯನೇ. ಬೀಗ ಮಾಡುವವನ ಮಗ. ಕಲೋನ್ ನಗರದ ಶಾಲೆಯಲ್ಲಿ ಬೋಧಿಸುತ್ತ ಪ್ರಯೋಗಗಳನ್ನು ನಡೆಸಿದನು. ಅಂದಿನ ವಿದ್ಯುತ್ಕೋಶಗಳು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ತಾಮ್ರ, ಬಿಸ್ಮತ್ ಲೋಹಗಳ ಜೋಡಣೆಯ ಎರಡು ತುದಿಗಳಿಗೆ ಬೇರೆ ಬೇರೆ ತಾಪ ಕೊಟ್ಟು ಸ್ಥಿರವಾದ ಪ್ರವಾಹವನ್ನು ಪಡೆದನು. 1827ರಲ್ಲಿ ಗ್ರಂಥ ಪ್ರಕಟವಾದಾಗ ಸ್ವದೇಶದಲ್ಲಿ ಮನ್ನಣೆ ದೊರೆಯಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಪದಕವಿತ್ತು ಗೌರವಿಸಿತು.

ತರಗತಿಯಲ್ಲಿ ಆಕೆ ನಿಕ್ರೋಮನ್ನು ಬಚ್ಚಿಟ್ಟು ಬಲ್ಬನ್ನೇ ಮೊದಲು ಮುಂದಿಟ್ಟಳಂತೆ. ಮಕ್ಕಳು ಗದ್ದಲವೆಬ್ಬಿಸಿದರಂತೆ. ಆಗ ಹುಡುಗನೊಬ್ಬನು, "ಟೀಚರ್, ನಮ್ಮ ಮನೆಯ ಹಳೆಯ ಬುರುಡೆ ಬಲ್ಬು ಗುಂಡಿ ಒತ್ತಿದ ಕೂಡಲೇ ಏಕೆ ಸುಟ್ಟುಹೋಗುತ್ತಿತ್ತು?" ಎಂದು ಕೇಳಿದನು. "ನನಗೀಗ ತಿಳಿಯದು, ನಾಳೆ ಹೇಳುತ್ತೇನೆ" ಎಂದು ಬಂದಳು. ಇಂತಹ ಮಾತಿನಿಂದ ಗುರುವಿನ ಗೌರವ ಕುಂದುತ್ತದೆಂದು ನಂಬುವವರಿದ್ದಾರೆ, ನಾನು ಒಪ್ಪುವುದಿಲ್ಲ. 'ನಾಳೆ' ಎಂದು ಹೇಳಿ ಮರೆತವರನ್ನೇ ಮಕ್ಕಳು ಹಗುರವಾಗಿ ಕಾಣುತ್ತಾರೆ. ರಾತ್ರಿ ಕುಳಿತು ಲೆಕ್ಕ ಹಾಕಿದಳು. 220 ವೋಲ್ಟಿನಲ್ಲಿ ಬೆಳಗುವ 60 ವಾಟಿನ ಬಲ್ಬಿನ ರೋಧ ಸುಮಾರು 800 ಓಮ್. ತಣ್ಣಗಿರುವಾಗ ಅದರ ಹತ್ತನೆಯ ಒಂದಂಶದಷ್ಟು. ಗುಂಡಿ ಒತ್ತಿದ ಕ್ಷಣ ಪ್ರವಾಹ ಒಮ್ಮೆಲೇ ನುಗ್ಗುತ್ತದೆ. ಸವೆದ ತಂತಿ ತಡೆಯಲಾರದೆ ಕಡಿಯುತ್ತದೆ. ಬಲ್ಬಿನ ಹಳೆಯ ಪ್ರಯೋಗದಲ್ಲಿಯೇ ಉತ್ತರವಿತ್ತು.

ರಾಜೀನಾಮೆಯ ಮಾತು ಮತ್ತೆ ಬಂದಿಲ್ಲ. ಭೌತಶಾಸ್ತ್ರದ ಅಂಜಿಕೆ ಪೂರ್ತಿಯಾಗಿ ಹೋಗಿದೆಯೆಂದೂ ಹೇಳಲಾರೆ. ಬೆಳಕಿನ ಪಾಠದ ಕಿರಣಚಿತ್ರಗಳು ಈಗ ಆಕೆಯನ್ನು ಕಾಡುತ್ತಿವೆ. ಮೊನ್ನೆ ನನ್ನ ಓದುವ ಕನ್ನಡಕವನ್ನು ಕಸಿದುಕೊಂಡು ಕಿಟಕಿಗೆದುರಾಗಿ ಹಿಡಿದಳು. ಎರಡೂವರೆ ಡಯಾಪ್ಟರಿನ ಪೀನಮಸೂರವದು. ಸಂಗಮದೂರ 40 ಸೆಂಟಿಮೀಟರು ಬರಬೇಕು. ಗೋಡೆಯ ಮೇಲೆ ಅಂಗಳದಾಚೆಯ ಬೇವಿನ ಮರ ತಲೆಕೆಳಗಾಗಿ ಮೂಡಿತು. ಅಳತೆಪಟ್ಟಿ ಹಿಡಿಯುವ ಕೆಲಸ ನನ್ನದಾಗಿತ್ತು.