ಯಂತ್ರದ ಸದ್ದು, ಮನೆಯ ಸದ್ದು

ನಮ್ಮ ತಂದೆಯವರು ಕುಮಾರವ್ಯಾಸ ಭಾರತವನ್ನು ವಾಚಿಸುತ್ತಿದ್ದುದನ್ನು ಕಿವಿಯಾರೆ ಕೇಳಿದವರು ಬಂಧುಗಳಲ್ಲಿ ಈಗ ಬೆರಳೆಣಿಕೆಯಷ್ಟೇ ಉಳಿದಿದ್ದಾರೆ. 1986ರ ಶ್ರಾವಣದ ಒಂದು ಸಂಜೆ, ಊರಿನ ಮನೆಯ ಪಡಸಾಲೆಯಲ್ಲಿ, ಹೊಸದಾಗಿ ಕೊಂಡಿದ್ದ ಟೇಪ್ ರೆಕಾರ್ಡರನ್ನು ಅವರ ಮುಂದಿಟ್ಟು ಕ್ಯಾಸೆಟ್ಟಿನ ಒಂದು ಬದಿ ಮುಗಿಯುವವರೆಗೆ, ಅಂದರೆ 45 ನಿಮಿಷ, ಅವರ ಗಮಕವನ್ನು ಧ್ವನಿಮುದ್ರಿಸಿಕೊಂಡಿದ್ದೆ. 1991ರಲ್ಲಿ ಅವರು ತೀರಿಕೊಂಡರು. ಅವರ ದನಿಯೆಂದು ನಮ್ಮಲ್ಲಿ ಉಳಿದಿರುವುದು ಅದೊಂದೇ. ಕೆಲವು ವರ್ಷಗಳ ಹಿಂದೆ ನನ್ನ ಸೋದರಳಿಯ ಅದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟ.

ಕಳೆದ ಪಿತೃಪಕ್ಷಕ್ಕೆ ನಮ್ಮ ಅಕ್ಕ ಬರುವವರಿದ್ದರು. ಅವರಿಗೀಗ 84 ವರ್ಷ, ಕಿವಿ ಮಂದವಾಗಿದೆ. ತಂದೆಯವರ ದನಿಯನ್ನು ಅವರಿಗೊಮ್ಮೆ ಕೇಳಿಸಬೇಕೆಂಬುದು ನನ್ನ ಬಹುದಿನಗಳ ಆಸೆ. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಿಂದ ಅದು ಆಗುವ ಕೆಲಸವಲ್ಲ. ಮನೆಯಲ್ಲಿ ಹಳೆಯ ಆಂಪ್ಲಿಫೈಯರೂ ಎರಡು ದೊಡ್ಡ ಸ್ಪೀಕರುಗಳೂ ಇದ್ದವು. ಲ್ಯಾಪ್‌ಟಾಪಿಗೂ ಆಂಪ್ಲಿಫೈಯರಿಗೂ ನಡುವೆ ಜೋಡಿಸಲೆಂದು ಮಗ ಒಂದು ಪುಟ್ಟ ಪೆಟ್ಟಿಗೆಯನ್ನು ತಂದುಕೊಟ್ಟ. ಅದರ ಹೆಸರು ಡಿಜಿಟಲ್-ಟು-ಅನಲಾಗ್ ಕನ್ವರ್ಟರ್. ಬಳಕೆಯಲ್ಲಿ ಡ್ಯಾಕ್ ಎನ್ನುತ್ತಾರೆ.

ಕಂಪ್ಯೂಟರಿನೊಳಗೆ ದನಿ ಎಂಬುದು ಇಲ್ಲ. ಇರುವುದು ಬರೀ ಸಂಖ್ಯೆಗಳು. ಸಿ.ಡಿ.ಯ ಮಟ್ಟದ ಧ್ವನಿಮುದ್ರಣದಲ್ಲಿ ಪ್ರತಿ ಸೆಕೆಂಡಿಗೆ 44,100 ಬಾರಿ ದನಿಯ ಅಲೆಯನ್ನು ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಕ್ಕೆ ಹೊಂದಿಸಿ ಬರೆದಿಟ್ಟಿರುತ್ತಾರೆ. ಈ ಸಂಖ್ಯೆಗಳ ಸಾಲನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವುದೇ ಡ್ಯಾಕಿನ ಕೆಲಸ. ಸಾಮಾನ್ಯವಾಗಿ ಕಂಪ್ಯೂಟರುಗಳ ಒಳಗೂ ಅಂಥದ್ದೊಂದು ಇರುತ್ತದೆ. ಹೊರಗಿನದು ಅದೇ ಕೆಲಸವನ್ನು ಕಂಪ್ಯೂಟರಿನ ಒಳಗಿನ ಗದ್ದಲದಿಂದ ದೂರದಲ್ಲಿ ಕುಳಿತು ಮಾಡುತ್ತದೆ, ಅಷ್ಟೆ.

ಜೋಡಿಸಿ ಗುಂಡಿ ಒತ್ತಿದೆ. ತಂದೆಯವರ ದನಿ ಲ್ಯಾಪ್‌ಟಾಪಿನಿಂದಲೇ ಬಂತು. ದೊಡ್ಡ ಸ್ಪೀಕರುಗಳು ಮೌನವಾಗಿದ್ದವು. ಪರದೆಯ ಮೂಲೆಯ ಸ್ಪೀಕರ್ ಚಿತ್ರವನ್ನು ಒತ್ತಿ, ದನಿ ಯಾವ ದಾರಿಯಲ್ಲಿ ಹೊರಡಬೇಕೆಂಬುದನ್ನು ಆರಿಸಿದ ಮೇಲೆ ಅದು ಸರಿಯಾಯಿತು. ಆದರೆ ಆ ದನಿಯ ನಡುನಡುವೆ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ ಸದ್ದು! ಹಿನ್ನೆಲೆಯಲ್ಲಿ ಎಡೆಬಿಡದ ಗುಂಯ್‌ಕಾರ ಬೇರೆ.

ಅಂದು ಸಂಜೆ ನಾನು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ತಂತಿ ಬದಲಿಸಿದೆ, ಅದರ ಫಲವನ್ನು ನೋಡುವ ಮೊದಲೇ ಸೆಟ್ಟಿಂಗುಗಳನ್ನು ತಿದ್ದಿದೆ, ಕಂಡ ಕಂಡ ಚೌಕಗಳಿಗೆಲ್ಲ ಗುರುತು ಹಾಕಿದೆ, ಚಾಲಕ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದೆ. ರಾತ್ರಿ ಹತ್ತರ ಹೊತ್ತಿಗೆ ಇದ್ದ ದನಿಯೂ ಹೋಯಿತು.

ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದೆ. ಎಲೆಕ್ಟ್ರಾನಿಕ್ಸ್ ಕ್ಷೇತ್ರದಲ್ಲಿರುವವನು. ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಅವನೆಂದ: “ಸಾರ್, ಓಮನ ನಿಯಮದ ಪ್ರಯೋಗ ಮಾಡಿಸುವಾಗ ನೀವೇ ಹೇಳ್ತಿದ್ರಲ್ಲ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬರ್ಕೊಳ್ಳಿ ಅಂತ. ಬರ್ಕೊಂಡ್ರಾ ಸಾರ್?” ಮೂವತ್ತನಾಲ್ಕು ವರ್ಷ ಪಾಠ ಹೇಳಿದವನಿಗೆ ಉತ್ತರವಿರಲಿಲ್ಲ.

ಎಲ್ಲವನ್ನೂ ಮೊದಲಿನಂತೆಯೇ ಇಟ್ಟು, ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದು ಕುಳಿತೆ. ಮೊದಲು ಚಟಪಟ ಸದ್ದು. ಡ್ಯಾಕನ್ನು ನಾನು ಹಲವು ಕಿಂಡಿಗಳ ಯು.ಎಸ್.ಬಿ. ಹಬ್‌ಗೆ ಸಿಕ್ಕಿಸಿದ್ದೆ, ಅದೇ ಹಬ್‌ನಲ್ಲಿ ಹಾರ್ಡ್ ಡಿಸ್ಕೂ ಇತ್ತು. ಡ್ಯಾಕಿಗೆ ಸಂಖ್ಯೆಗಳು ಹೊತ್ತುಹೊತ್ತಿಗೆ ತಪ್ಪದೆ ತಲುಪಬೇಕು. ದಾರಿಯಲ್ಲಿ ತಡೆಯಾದರೆ ಆ ಬಿಡುವೇ ಕಿವಿಗೆ ಚಟ್ ಎಂದು ಕೇಳಿಸುತ್ತದೆ. ಡ್ಯಾಕನ್ನು ನೇರವಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ, ಸದ್ದು ನಿಂತಿತು. ಮತ್ತೆ ಹಬ್‌ಗೆ ಸಿಕ್ಕಿಸಿದೆ, ಸಾಸಿವೆ ಸಿಡಿಯಿತು. ಕಾರಣ ಖಚಿತವಾಯಿತು.

ಇನ್ನು ಗುಂಯ್‌ಕಾರ. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತಾಗ ಅದು ತಟ್ಟನೆ ನಿಂತಿತು. ಚಾರ್ಜರಿಗೂ ಆಂಪ್ಲಿಫೈಯರಿಗೂ ಮೂರು ಪಿನ್ನಿನ ಪ್ಲಗ್ಗುಗಳು. ಒಂದು ಕೋಣೆಯ ಈ ಗೋಡೆಯಲ್ಲಿ, ಇನ್ನೊಂದು ಆ ಗೋಡೆಯಲ್ಲಿ. ಎರಡು ಕಡೆಯ ಅರ್ತಿಂಗಿನ ನಡುವೆ ಅತ್ಯಲ್ಪ ವ್ಯತ್ಯಾಸವಿದ್ದರೂ ಧ್ವನಿಯ ತಂತಿಯಲ್ಲಿ ವಿದ್ಯುತ್ ಹರಿದು, ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಸೆಕೆಂಡಿಗೆ 50 ಆವರ್ತನಗಳು ಸ್ಪೀಕರಿನಲ್ಲಿ ಮೊಳಗುತ್ತವೆ. ಎರಡನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಸಿಕ್ಕಿಸಿದಾಗ ಗುಂಯ್‌ಕಾರ ಅಡಗಿತು. ಒಂದು ಎಚ್ಚರಿಕೆ: ಕೆಲವರು ಇದಕ್ಕಾಗಿ ಅರ್ತಿಂಗ್ ಪಿನ್ನನ್ನೇ ಮುರಿಯುತ್ತಾರೆ. ಎಂದಿಗೂ ಹಾಗೆ ಮಾಡಬೇಡಿ. ಅದು ಪ್ರಾಣ ಕಾಯುವ ಪಿನ್ನು.

ಕಂಪ್ಯೂಟರು ಸೆಕೆಂಡಿಗೆ 48,000ದ ಲೆಕ್ಕದಲ್ಲಿ ಸಂಖ್ಯೆಗಳನ್ನು ಕಳಿಸುತ್ತಿತ್ತು. ತಂದೆಯವರ ಧ್ವನಿಮುದ್ರಣವಿದ್ದುದು 44,100ರಲ್ಲಿ. ಹೀಗಿದ್ದಾಗ ಕಂಪ್ಯೂಟರು ಸಂಖ್ಯೆಗಳನ್ನು ಹೊಸದಾಗಿ ಗುಣಿಸಿ ಹೊಂದಿಸಿಕೊಳ್ಳುತ್ತದೆ. ಅದನ್ನೂ ಸರಿಪಡಿಸಿದೆ. ಪ್ರಾಮಾಣಿಕವಾಗಿ ಹೇಳುವುದಾದರೆ, ನನ್ನ ಕಿವಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ನೋಟುಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ.

ಇಷ್ಟಾದರೂ ಒಂದು ಸದ್ದು ಉಳಿಯಿತು. ತಂದೆಯವರು ಉಸಿರೆಳೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ ಹಿಂದೆ ಎಲ್ಲೋ ಕಿರ್ರ್, ಕಿರ್ರ್ ಎಂಬ ಮೆಲುಸದ್ದು. ಹಲವು ಬಾರಿ ಹಾಕಿ ಕೇಳಿ, ಅದು ಬರುವ ನಿಮಿಷ-ಸೆಕೆಂಡುಗಳನ್ನು ಗುರುತಿಸಿಕೊಂಡೆ. ಪ್ರತಿ ಸಲವೂ ಅವೇ ಜಾಗಗಳು. ಡ್ಯಾಕನ್ನೇ ತೆಗೆದು ಇಯರ್‌ಫೋನಿನಲ್ಲಿ ಕೇಳಿದಾಗಲೂ ಅವೇ ಜಾಗಗಳು. ಚಟಪಟ ಸದ್ದು ಹಾಗಿರಲಿಲ್ಲ. ಅದು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಬರುತ್ತಿತ್ತು. ಜಾಗ ಬದಲಿಸುವ ಸದ್ದು ಸಾಮಾನ್ಯವಾಗಿ ಯಂತ್ರದ್ದು. ಒಂದೇ ಜಾಗದಲ್ಲಿ ನಿಲ್ಲುವುದು ಧ್ವನಿಮುದ್ರಣದ್ದು. ಹಳೆಯ ಕ್ಯಾಸೆಟ್ಟಿನ ದೋಷವಿರಬೇಕೆಂದು ತೀರ್ಮಾನಿಸಿದೆ. ಅಂಥ ಸದ್ದನ್ನು ಅಳಿಸುವ ತಂತ್ರಾಂಶವೂ ಇದೆ. ಅಳಿಸಲು ಸಿದ್ಧನಾಗಿಯೂ ಇದ್ದೆ. ಅಷ್ಟರಲ್ಲಿ ಅಕ್ಕ ಬಂದರು.

ಊಟವಾದ ಮೇಲೆ ಅಕ್ಕನನ್ನು ಸ್ಪೀಕರಿನ ಹತ್ತಿರ ಕೂರಿಸಿ ಹಚ್ಚಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಕಿರ್ರ್ ಎಂದಾಗ ನಾನು, “ಅದೊಂದು ಸದ್ದು ಉಳಿದುಬಿಟ್ಟಿದೆ ಅಕ್ಕ, ನಾಳೆ ತೆಗೆದುಬಿಡ್ತೀನಿ” ಎಂದೆ.

ಅಕ್ಕ ಕಣ್ಣು ತೆರೆದರು. “ತೆಗೀಬೇಡ ಕಣೋ. ಅದು ಉಯ್ಯಾಲೆ ಸರಪಳಿ. ಅಪ್ಪ ಓದುವಾಗ ಅಮ್ಮ ಅಲ್ಲೇ ತಾನೇ ಕೂತಿರ್ತಿದ್ದಿದ್ದು?”

ಆ ಸಂಜೆ ರೆಕಾರ್ಡರಿನ ಗುಂಡಿ ಒತ್ತಿದವನು ನಾನೇ. ಪಡಸಾಲೆಯಲ್ಲಿ ಉಯ್ಯಾಲೆ ಇತ್ತೆಂಬುದೂ, ಅದರ ಮೇಲೆ ಅಮ್ಮ ಕುಳಿತಿದ್ದರೆಂಬುದೂ ನನಗೆ ಮರೆತೇಹೋಗಿತ್ತು. ಅಮ್ಮನ ದನಿಯನ್ನು ನಾವು ಯಾರೂ ಮುದ್ರಿಸಿಕೊಂಡಿಲ್ಲ. ಆ 45 ನಿಮಿಷಗಳಲ್ಲಿ ಅವರು ಮಾತೂ ಆಡಿಲ್ಲ. ಇದ್ದಾರೆ, ಅಷ್ಟೆ.

ಅಕ್ಕ ಎರಡನೆಯ ಬಾರಿ ಪೂರ್ತಿ ಕೇಳಿದರು. ನಾನು ಏನನ್ನೂ ಅಳಿಸಲಿಲ್ಲ.

ನಿಮ್ಮ ಮನೆಗಳಲ್ಲಿಯೂ ಇಂಥ ಹಳೆಯ ಕ್ಯಾಸೆಟ್ಟುಗಳಿದ್ದರೆ ಬೇಗ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಟೇಪಿಗೆ ಆಯುಸ್ಸು ಕಡಿಮೆ. ಕೇಳುವಾಗ ಸದ್ದು ಬಂದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬರೆದುಕೊಳ್ಳಿ. ಯಂತ್ರದ ಸದ್ದುಗಳೆಲ್ಲ ಹೋದ ಮೇಲೂ ಏನಾದರೂ ಉಳಿದರೆ, ಅಳಿಸುವ ಮೊದಲು ಮನೆಯ ಹಿರಿಯರಿಗೊಮ್ಮೆ ಕೇಳಿಸಿ.