ಉಗುರಿನಷ್ಟು ವಿಷಯ

ನಮ್ಮ ಮಾತಿನಲ್ಲಿ ಉಗುರಿಗೆ ಅಂಥ ಮರ್ಯಾದೆಯೇನೂ ಇಲ್ಲ. ಯಾರನ್ನಾದರೂ ತೀರ ಕೆಳಗಿಳಿಸಬೇಕಾದರೆ ‘ಅವಳ ಕಾಲಿನ ಉಗುರಿಗೂ ಸಮನಲ್ಲ’ ಎನ್ನುತ್ತೇವೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂಬ ಗಾದೆಯಂತೂ ಇದ್ದೇ ಇದೆ. ಈ ಮಾತುಗಳನ್ನು ಕಟ್ಟಿದವರು ಗಂಡಸರೇ ಇರಬೇಕೆಂದು ನನ್ನ ಗುಮಾನಿ. ಅಡುಗೆಮನೆಯಲ್ಲಿ ನಿಂತವಳಿಗೆ ಉಗುರಿನ ಬೆಲೆ ಗೊತ್ತು. ಸೋರೆಕಾಯಿ ಎಳೆಯದೋ ಬಲಿತದ್ದೋ ಎಂದು ನೋಡಲು ಉಗುರೇ ಬೇಕು. ಬೆಳ್ಳುಳ್ಳಿ ಸಿಪ್ಪೆ, ಸೇಫ್ಟಿ ಪಿನ್ನು, ಸರದ ಕೊಂಡಿ, ಮೊಗ್ಗು ಕಟ್ಟುವ ನಾರಿನ ಗಂಟು ಎಲ್ಲಕ್ಕೂ ಅದೇ. ಇನ್ನು ನಮ್ಮ ಹಾಸನದ ಕಡೆ ಮಾಗಿ ಬಂತೆಂದರೆ ಸೊಗಡವರೆಯ ಕಾಲ. ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ಹೆಬ್ಬೆರಳಿನಲ್ಲಿ ಹಿಸುಕುತ್ತ ಕುಳಿತರೆ ಪಾತ್ರೆ ತುಂಬುವಷ್ಟರಲ್ಲಿ ನೆರೆಹೊರೆಯ ಸುದ್ದಿಯೆಲ್ಲ ಮುಗಿದಿರುತ್ತದೆ.

2018ರ ಡಿಸೆಂಬರಿನಲ್ಲಿ ಹಾಗೆ ಕಾಳು ಹಿಸುಕುವಾಗಲೇ ನನ್ನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಉದ್ದಕ್ಕೆ ಸೀಳಿತು. ಅದಕ್ಕೂ ಒಂದೆರಡು ತಿಂಗಳ ಮೊದಲಿಂದ ಅದರ ಮೇಲೆ ಉದ್ದುದ್ದ ಗೆರೆಗಳು ಎದ್ದಿದ್ದವು, ಉಗುರು ಈರುಳ್ಳಿಯ ಒಳಸಿಪ್ಪೆಯಂತೆ ತೆಳ್ಳಗಾಗುತ್ತಿತ್ತು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲವಾದರೆ ಓದುವವರೆಲ್ಲ ತಮ್ಮ ಕೈ ನೋಡಿಕೊಂಡು ಗಾಬರಿಯಾಗುತ್ತಾರೆ. ವಯಸ್ಸಾದಂತೆ ಉಗುರಿನಲ್ಲಿ ಉದ್ದಗೆರೆ ಮೂಡುವುದು ಕೂದಲು ನರೆತಷ್ಟೇ ಸಹಜ. ಗೆರೆಯ ಜೊತೆಗೆ ಉಗುರು ತೆಳುವಾಗುವುದು, ಸೀಳುವುದು, ಬುಡದಲ್ಲಿ ಕೆಂಪಾಗುವುದು, ಅದೂ ಕೆಲವೇ ತಿಂಗಳಲ್ಲಿ ಒಂದರಿಂದ ಇನ್ನೊಂದು ಬೆರಳಿಗೆ ಕಾಣಿಸುವುದು ಬೇರೆ.

ಸಲಹೆಗಳಿಗೇನು ಬರ! ಅತ್ತೆಯವರು ಉಗುರುಸುತ್ತು ಎಂದು ತೀರ್ಮಾನಿಸಿ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿದರು. ಸ್ಟಾಫ್ ರೂಮಿನಲ್ಲಿ ಒಬ್ಬರು ಸುಣ್ಣದ ಅಂಶ ಕಡಿಮೆ ಎಂದರು, ಇನ್ನೊಬ್ಬರು ಸೀಮೆಸುಣ್ಣ ಹೆಚ್ಚಾಯಿತು ಎಂದರು. ಔಷಧಿ ಅಂಗಡಿಯಾತ ಉಗುರು ಗಟ್ಟಿಯಾಗುವ ಬಯೋಟಿನ್ ಮಾತ್ರೆ ಮುಂದಿಟ್ಟ. ಕೊನೆಗೆ ಒಂದು ಕ್ಲಿನಿಕ್ಕಿಗೆ ಹೋದರೆ ಅಲ್ಲಿನ ಡಾಕ್ಟರು ಮೇಜಿನಾಚೆಯಿಂದಲೇ ನೋಡಿ ‘ಫಂಗಸ್’ ಎಂದು ಚೀಟಿ ಬರೆದರು. ಫಂಗಸ್ ಎಂದರೆ ಬೂಷ್ಟು. ಹೌದು, ಉಗುರಿನ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು ಬೂಷ್ಟಿನಿಂದಲೇ ಬರುತ್ತವೆ. ಆದರೆ ಉಳಿದ ಅರ್ಧವೂ ಇದೆಯಲ್ಲ! ಉಗುರಿನ ಚೂರು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ದೊಡ್ಡ ಖರ್ಚಿನ ಪರೀಕ್ಷೆಯೇನಲ್ಲ. ಅದು ಆಗಲೇ ಇಲ್ಲ. ಯಕೃತ್ತಿನ ಮೇಲೆ ಕಣ್ಣಿಟ್ಟು ಕೊಡಬೇಕಾದ ಟರ್ಬಿನಾಫಿನ್ ಮಾತ್ರೆಯನ್ನು ರಕ್ತಪರೀಕ್ಷೆಯಿಲ್ಲದೆ ಮೂರು ತಿಂಗಳು ಬರೆದುಕೊಟ್ಟರು. ಕೈಬೆರಳಿಗೆ ಸಾಮಾನ್ಯವಾಗಿ ಆರು ವಾರ ಸಾಕಂತೆ. ಆ ಮೂರು ತಿಂಗಳಲ್ಲಿ ಒಂದು ಉಗುರಿನ ಕಾಯಿಲೆ ನಾಲ್ಕು ಉಗುರಿಗೆ ಬಂತು.

ಅದಕ್ಕಿಂತ ಹೆಚ್ಚು ನೋಯಿಸಿದ್ದು ಜನರ ನೋಟ. ಶಾಲೆಯಲ್ಲಿ ಪುಸ್ತಕ ಹಿಂದಿರುಗಿಸುವಾಗ ಮಕ್ಕಳ ಕಣ್ಣು ನನ್ನ ಮುಖ ಬಿಟ್ಟು ಬೆರಳಿಗೆ ಹೋಗುತ್ತಿತ್ತು. ಮಕ್ಕಳು ಬಿಡಿ, ಕೇಳಿಯೇಬಿಡುತ್ತವೆ: ‘ಮಿಸ್, ನೋವಾಗತ್ತಾ?’ ಕೇಳದೆ ತೀರ್ಮಾನಿಸುವವರದ್ದೇ ಕಷ್ಟ. 2019ರ ಏಪ್ರಿಲಿನಲ್ಲಿ ಬಂಧುಗಳ ಮನೆಯ ಸೀಮಂತಕ್ಕೆ ಹೋಗಿದ್ದೆ. ಬಸುರಿ ಹುಡುಗಿಗೆ ಬಳೆ ತೊಡಿಸುವ ಸರದಿ ನನ್ನದಾಯಿತು. ಹಸಿರು ಬಳೆ ಕೈಗೆತ್ತಿಕೊಂಡೆ. ಹಿರಿಯರೊಬ್ಬರು ನಗುನಗುತ್ತಲೇ, ‘ನೀವು ಕೂತ್ಕೊಳ್ಳಿ ಟೀಚರಮ್ಮ, ಆಯಾಸ ಮಾಡ್ಕೋಬೇಡಿ’ ಎಂದು ಬಳೆ ತೆಗೆದುಕೊಂಡು ಇನ್ನೊಬ್ಬರ ಕೈಗೆ ಕೊಟ್ಟರು. ಆಯಾಸ ಯಾರಿಗಿತ್ತು? ಆ ಹುಡುಗಿ ಮಾತ್ರ ತಲೆ ತಗ್ಗಿಸಿದಳು. ಊಟದ ಎಲೆಯ ಮುಂದೆ ನಾನು ಬಲಗೈ ಹೆಬ್ಬೆರಳನ್ನು ಮಡಚಿಟ್ಟುಕೊಂಡೇ ಉಂಡೆ. ಹೆಬ್ಬೆರಳಿಲ್ಲದೆ ಅನ್ನ ಕಲಸಲು ಎಷ್ಟು ಕಷ್ಟವೆಂದು ಬೇಕಿದ್ದರೆ ನೀವೂ ಮಾಡಿ ನೋಡಿ.

ಬೇಸಿಗೆ ರಜೆ ಮುಗಿಯುವ ಮುಂಚೆ ನಮ್ಮವರು ಹಟ ಹಿಡಿದು ಮೈಸೂರಿಗೆ ಕರೆದುಕೊಂಡು ಹೋದರು. ಹೊಳೆನರಸೀಪುರ, ಕೃಷ್ಣರಾಜನಗರದ ಮೇಲಿನ ಆ ಬಸ್ಸಿನ ದಾರಿ ಮುಂದೆ ನನಗೆ ಬಾಯಿಪಾಠವಾಯಿತು. ಚರ್ಮರೋಗದ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಹಚ್ಚಿಕೊಂಡಿದ್ದ ಗೋರಂಟಿ ಕಂಡು, ‘ಮುಂದಿನ ಸಲ ಬಣ್ಣ ಏನೂ ಬೇಡ ಮೇಡಂ, ಉಗುರು ಇದ್ದ ಹಾಗೇ ಕಾಣಬೇಕು’ ಎಂದರು. ಹತ್ತು ಕೈಬೆರಳು, ಹತ್ತು ಕಾಲ್ಬೆರಳು, ಬಾಯೊಳಗೆ ಕೆನ್ನೆ, ಮಣಿಕಟ್ಟು, ನೆತ್ತಿ ಎಲ್ಲ ನೋಡಿದರು. ಉಗುರಿಗೆ ಬಾಯೇಕೆ ತೆರೆಯಬೇಕೆಂದು ನನಗೆ ನಗು. ಈ ಕಾಯಿಲೆ ಮಣಿಕಟ್ಟಿನಲ್ಲಿ ನೇರಳೆ ಬಣ್ಣದ ಚಪ್ಪಟೆ ಗುಳ್ಳೆಯಾಗಿ, ಕೆನ್ನೆಯ ಒಳಗೆ ಬಿಳಿ ಲೇಸಿನ ಹೆಣಿಗೆಯಂತೆ ಬರಬಹುದಂತೆ. ಕೆಲವರಲ್ಲಿ ಉಗುರನ್ನು ಮಾತ್ರ ಹಿಡಿಯುತ್ತದೆ. ನನಗೆ ಹಾಗೆ.

ಹೆಸರು ಲೈಕನ್ ಪ್ಲಾನಸ್. 1869ರಲ್ಲಿ ಲಂಡನ್ನಿನ ಎರಾಸ್ಮಸ್ ವಿಲ್ಸನ್ ಎಂಬ ವೈದ್ಯರು ಇಟ್ಟ ಹೆಸರು. ಲೈಕನ್ ಎಂದರೆ ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಜಾತಿ, ಪ್ಲಾನಸ್ ಎಂದರೆ ಚಪ್ಪಟೆ. ಕಾಯಿಲೆಗೂ ಕಲ್ಲುಹೂವಿಗೂ ನಂಟಿಲ್ಲ, ನೋಟದ ಹೋಲಿಕೆಯಷ್ಟೆ. ಈ ಕಾಯಿಲೆ ಬಂದವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಉಗುರೂ ಕೆಡುತ್ತದೆ. ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಉಗುರು ಹುಟ್ಟುವ ಜಾಗದ ಮೇಲೆ ಬೀಳುತ್ತವೆಯಂತೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಾನು ಹೇಳಿದ್ದಕ್ಕೆ ಡಾಕ್ಟರಮ್ಮ, ಇದಕ್ಕಿಂತ ಚೆನ್ನಾಗಿ ನಾವು ಕಾಲೇಜಿನಲ್ಲೂ ಓದಲಿಲ್ಲ ಎಂದರು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂಬುದನ್ನು ಅವರ ಬಾಯಲ್ಲಿ ಎರಡು ಸಲ ಹೇಳಿಸಿಕೊಂಡೆ.

ಆದರೂ ಕಣ್ಣಂದಾಜಿನ ಮೇಲೆ ಅವರು ನಿಲ್ಲಲಿಲ್ಲ. ಸೋರಿಯಾಸಿಸ್ಸಿನಲ್ಲೂ ಉಗುರು ಕೆಡುತ್ತದೆ, ಅಲ್ಲಿ ಹೆಚ್ಚಾಗಿ ಸೂಜಿಮೊನೆಯಿಂದ ಚುಚ್ಚಿದಂಥ ಗುಳಿಗಳು ಕಾಣುತ್ತವೆ. ಬೂಷ್ಟಿನ ಪರೀಕ್ಷೆ ಮಾಡಿಸಿದರು, ಇಲ್ಲವೆಂದು ಬಂತು. ಹೆಪಟೈಟಿಸ್ ಸಿ ಜೊತೆ ಈ ಕಾಯಿಲೆಗೆ ಕೆಲವರಲ್ಲಿ ನಂಟಿರುವುದರಿಂದ ಅದರ ರಕ್ತಪರೀಕ್ಷೆಯೂ ಆಯಿತು. ಕೊನೆಗೆ ಬಯಾಪ್ಸಿ. ಎಡಗೈ ನಡುಬೆರಳಿನ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ರಕ್ತ ಹರಿಯದಂತೆ ಬಿಗಿದು, ಉಗುರಿನ ಬುಡದ ಚರ್ಮ ಸರಿಸಿ, 3 ಮಿಲಿಮೀಟರಿನ ಒಂದು ಚೂರು ತೆಗೆದರು. ಉಗುರಿನ ಬುಡದಲ್ಲಿ ಅರ್ಧಚಂದ್ರದಂತೆ ಬೆಳ್ಳಗೆ ಕಾಣುತ್ತದಲ್ಲ, ಅದು ಉಗುರು ತಯಾರಾಗುವ ಕಾರ್ಖಾನೆಯ ಹೊರಬಾಗಿಲು. ಕಾರ್ಖಾನೆಯ ಹೆಚ್ಚಿನ ಭಾಗ ಚರ್ಮದೊಳಗೇ ಇರುತ್ತದೆ. ಕಾಯಿಲೆ ಅಲ್ಲಿರುವಾಗ ಹೊರಗಿನಿಂದ ನಿಂಬೆಹಣ್ಣು ಏನು ಮಾಡೀತು!

ವರದಿ ಬಂದ ದಿನ ಡಾಕ್ಟರಮ್ಮ ನನ್ನ ಹೆಬ್ಬೆರಳನ್ನು ತಮ್ಮ ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬುಡದ ಚರ್ಮ ಮುಂದಕ್ಕೆ ಜರುಗಿ ಉಗುರಿನ ಹಾಸಿಗೆಗೆ ಅಂಟಿಕೊಂಡು ಉಗುರನ್ನು ಎರಡು ಹೋಳು ಮಾಡಿತ್ತು. ಇದಕ್ಕೆ ಟೆರಿಜಿಯಂ ಎನ್ನುತ್ತಾರೆ, ಗ್ರೀಕಿನಲ್ಲಿ ಪುಟ್ಟ ರೆಕ್ಕೆ ಎಂದರ್ಥ. ‘ಇಲ್ಲಿ ಗಾಯದ ಕಲೆ ಕಟ್ಟಿಬಿಟ್ಟಿದೆ. ಈ ಉಗುರು ಮತ್ತೆ ಬರೋದಿಲ್ಲ ಮೇಡಂ. ಆದರೆ ಉಳಿದ ಮೂರನ್ನ ಉಳಿಸಿಕೊಳ್ಳೋಣ’ ಎಂದರು. ಬೂಷ್ಟಿಗೆ ಆರು ತಿಂಗಳು ತಡವಾದರೆ ನಷ್ಟ ತಿದ್ದಿಕೊಳ್ಳಬಹುದು, ಇದಕ್ಕೆ ತಡವಾದರೆ ಉಗುರಿನ ಬೇರೇ ಹೋಗುತ್ತದೆ. ಈ ಒಂದು ವ್ಯತ್ಯಾಸ ಯಾರಾದರೂ ಡಿಸೆಂಬರಿನಲ್ಲೇ ಹೇಳಿದ್ದರೆ ಎಂದು ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.

ಚಿಕಿತ್ಸೆ ಎಂದರೆ ಟ್ರಯಾಮ್ಸಿನೊಲೋನ್ ಎಂಬ ಸ್ಟೆರಾಯಿಡನ್ನು ಉಗುರಿನ ಬುಡದ ಚರ್ಮಕ್ಕೇ ಚುಚ್ಚುವುದು. ತಿಂಗಳಿಗೊಮ್ಮೆ, ಆರು ಸಲ. ಮುಲಾಮು ಆ ಆಳಕ್ಕೆ ಸರಿಯಾಗಿ ಇಳಿಯುವುದಿಲ್ಲವಂತೆ. ಮೂರಕ್ಕಿಂತ ಹೆಚ್ಚು ಉಗುರು ಹಿಡಿದಿದ್ದರೆ ಬೆರಳಿಗೆ ಬದಲು ಅದೇ ಔಷಧವನ್ನು ಸ್ನಾಯುವಿಗೆ ಕೊಡುತ್ತಾರೆ. 2020ರಲ್ಲಿ ಪ್ರಕಟವಾದ ತಜ್ಞರ ಒಮ್ಮತದ ಸಲಹೆಯೂ ಹೀಗೇ ಇದೆ. ಅಸಿಟ್ರೆಟಿನ್ ಎಂಬ ಮಾತ್ರೆ ಎರಡನೆಯ ದಾರಿ. ಆದರೆ ಅದನ್ನು ನುಂಗುವಾಗಲೂ ನಿಲ್ಲಿಸಿದ ಮೇಲೆ 3 ವರ್ಷದವರೆಗೂ ಬಸುರಾಗುವಂತಿಲ್ಲ, ಹುಟ್ಟುವ ಮಗುವಿಗೆ ಅಪಾಯ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳು ಡಾಕ್ಟರ ಮುಂದೆ ಸಂಕೋಚಪಡದೆ ಕೇಳಿಕೊಳ್ಳಬೇಕಾದ ಮಾತಿದು.

ಸೂಜಿಯ ನೋವನ್ನು ವರ್ಣಿಸಲಾರೆ. ಎರಡು ಹೆರಿಗೆ ಕಂಡವಳು ನಾನು, ಆದರೂ ಮೊದಲ ಸಲ ‘ಅಮ್ಮಾ’ ಎಂದು ಕೂಗಿದ್ದು ಹೊರಗೆ ಕುಳಿತಿದ್ದ ನಮ್ಮವರಿಗೂ ಕೇಳಿಸಿತು. ಎರಡನೆಯ ಸಲದಿಂದ ಬೆರಳನ್ನು ಮಂಜುಗಡ್ಡೆಯಲ್ಲಿಟ್ಟು ಮರಗಟ್ಟಿಸಿ ಚುಚ್ಚಿದರು. ಸ್ಟೆರಾಯಿಡಿನಿಂದ ಸಕ್ಕರೆ ಏರಬಹುದೆಂದು ಪ್ರತಿ ಸಲವೂ ರಕ್ತಪರೀಕ್ಷೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಓಡುತ್ತಿದ್ದೆ. ಮುಖ್ಯೋಪಾಧ್ಯಾಯಿನಿಯವರು ಕೊನೆಯ ಪಿರಿಯಡ್ಡನ್ನು ತಾವೇ ತೆಗೆದುಕೊಂಡರು, ಆ ಋಣ ಹಾಗೇ ಇದೆ.

ಉಗುರು ಅವಸರ ಬಲ್ಲದಲ್ಲ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆಯುತ್ತದೆ, ಪೂರ್ತಿ ಹೊಸದಾಗಲು ಆರು ತಿಂಗಳು. ಕಾಲ್ಬೆರಳಿಗೆ ಒಂದರಿಂದ ಒಂದೂವರೆ ವರ್ಷ. ಮೂರನೆಯ ಸೂಜಿಯ ನಂತರ ಬುಡದಲ್ಲಿ ಅಕ್ಕಿಕಾಳಿನಷ್ಟು ನುಣುಪಾದ ಉಗುರು ಕಂಡಿತು. ಉತ್ತರಪತ್ರಿಕೆ ತಿದ್ದುವ ಕೆಂಪು ಶಾಯಿಯಿಂದ ಹಳೆ ಹೊಸ ಉಗುರಿನ ನಡುವೆ ಗೆರೆ ಹಾಕಿ, ಅದು ಮುಂದೆ ಸರಿಯುವುದನ್ನು ಕಾಯುತ್ತಿದ್ದೆ. ಗೆರೆ ಅಳಿಸಿದಾಗ ಮತ್ತೆ ಹಾಕುತ್ತಿದ್ದೆ. 2019ರ ಕೊನೆಗೆ ಮೂರೂ ಉಗುರು ಬಂದವು. ಹೆಬ್ಬೆರಳಿನದು ಬರಲಿಲ್ಲ. ಅವರೆಕಾಳನ್ನು ಈಗ ನಮ್ಮವರು ಹಿಸುಕುತ್ತಾರೆ, ಅರ್ಧ ಕಾಳು ನೆಲದ ಮೇಲಿರುತ್ತದೆ.

2023ರ ಆಗಸ್ಟಿನಲ್ಲಿ ಎಡಗೈ ಕಿರುಬೆರಳಿನ ಉಗುರಿನ ಬುಡ ಕೆಂಪಾಗಿ ಎರಡು ಸಣ್ಣ ಗೆರೆ ಎದ್ದವು. ಈ ಕಾಯಿಲೆ ಮರುಕಳಿಸುವುದುಂಟೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆ ಶನಿವಾರವೇ ಹೊಳೆನರಸೀಪುರದ ಬಸ್ಸು ಹತ್ತಿದೆ. ಮೂರು ಸೂಜಿ ಬೇಕಾಯಿತು. ಮುಂದಿನ ಯುಗಾದಿಯ ಹೊತ್ತಿಗೆ ಆ ಉಗುರು ತುದಿಯವರೆಗೂ ಬಂದಿತ್ತು.