ಓದುವವನೂ ಓಡಿಸುವವನೂ

ನಮ್ಮ ಸಿರಿಗೆರೆಯ ಕಡೆ ಒಬ್ಬರ ಗಾಡಿಯನ್ನು ಇನ್ನೊಬ್ಬರು ಕೇಳಿ ಪಡೆಯುವುದಕ್ಕೆ ಕಾಗದಪತ್ರ ಬೇಕಾಗುವುದಿಲ್ಲ. ಬೆಳಗ್ಗೆ ಜಗಲಿಯ ಮೇಲೆ ಹಲ್ಲುಜ್ಜುತ್ತ ಕುಳಿತವನ ಮುಂದೆ ಹೋಗಿ ನಿಂತರೆ ಸಾಕು, ಬಂದ ಕಾರಣ ಅವನಿಗೇ ತಿಳಿಯುತ್ತದೆ. "ಬೀಗದ ಕೈ ಗೂಟದಲ್ಲೈತೆ, ಎಣ್ಣೆ ಹಾಕಿಸಿ ತಂದು ನಿಲ್ಲಿಸು" ಎಂದನೆಂದರೆ ಕರಾರು ಮುಗಿಯಿತು. ಈ ಕರಾರಿನ ಎರಡನೆಯ ಭಾಗ, ಎಂದರೆ ಎಣ್ಣೆಯನ್ನು ಇದ್ದ ಮಟ್ಟಕ್ಕೆ ತುಂಬಿಸಿ ಒಪ್ಪಿಸಬೇಕೆಂಬುದು, ವಿಲಾಯಿತಿಯ ಬಾಡಿಗೆ ಕಾರಿನ ಅಂಗಡಿಯಲ್ಲೂ ಹಾಗೆಯೇ ಇದೆ. ಮೊದಲನೆಯ ಭಾಗ ಮಾತ್ರ ಅಲ್ಲಿ ಹದಿನಾಲ್ಕು ಪುಟವಾಗುತ್ತದೆ.

ಆ ಹದಿನಾಲ್ಕು ಪುಟಗಳನ್ನು ಓದುವ ಭಾಗ್ಯ ನನಗೆ ಬಂದದ್ದು ಅಣ್ಣನ ಮಗಳಿಂದ. ಅವಳು ಓದಲು ಗ್ಲಾಸ್ಗೊ ನಗರಕ್ಕೆ ಹೋದವಳು, ಅಲ್ಲಿಯೇ ಕೆಲಸಕ್ಕೆ ಸೇರಿದಳು. ಅಪ್ಪ ಅಮ್ಮ ಒಮ್ಮೆ ಬಂದು ನೋಡಿಹೋಗಬೇಕೆಂದು ಹಟ ಹಿಡಿದಳು. ಇಂಗ್ಲಿಷು ಬಲ್ಲವನೊಬ್ಬ ಜೊತೆಗಿರಲಿ ಎಂದು ಚಿಕ್ಕಪ್ಪನಿಗೂ ಟಿಕೆಟ್ಟು ಕೊಂಡಳು. ಕನ್ನಡ ಮೇಷ್ಟರನ್ನು ಇಂಗ್ಲಿಷಿಗಾಗಿ ಕರೆದೊಯ್ಯುವುದರಲ್ಲಿ ಏನು ವಿವೇಕವಿತ್ತೋ ನಾನು ಕೇಳಲಿಲ್ಲ. ಸ್ಕಾಟ್ಲೆಂಡಿನ ಬೆಟ್ಟಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಲದು, ಬೇಕಾದಲ್ಲಿ ನಿಲ್ಲಿಸಿ ನೋಡಬೇಕು ಎಂಬುದು ಅವಳ ಆಸೆ. ಆದರೆ ಅವಳಿಗೆ ಕಾರು ಬಿಡಲು ಬಾರದು. "ಅಪ್ಪ ಇದಾರಲ್ಲ ಚಿಕ್ಕಪ್ಪ, ಅವರೇ ಓಡಿಸ್ತಾರೆ" ಎಂದಳು.

ಇದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ನಮ್ಮ ಅಣ್ಣ ಏಳನೆಯ ತರಗತಿಗೆ ಶಾಲೆ ಬಿಟ್ಟವನು. ನಾನು ಎಂ.ಎ. ಮುಗಿಸಿದ್ದು ಅವನ ಲಾರಿಯ ದುಡ್ಡಿನಲ್ಲಿ. ಮಳೆಗಾಲದ ಶಿರಾಡಿ ಘಾಟಿಯಲ್ಲಿ ಮೆಕ್ಕೆಜೋಳದ ಹೊರೆ ಹೊತ್ತು ಇಳಿದ ಕೈ ಅದು. ಈಗ ಲಾರಿ ಮಾರಿ ಅಡಿಕೆ ತೋಟ ಹಿಡಿದಿದ್ದಾನೆ. ನನಗೂ ಲೈಸೆನ್ಸು ಇದೆ. ಭಾನುವಾರದ ದಿನ ಊರ ಹೊರಗಿನ ರಸ್ತೆಯಲ್ಲಿ, ಎದುರಿಗೆ ಯಾರೂ ಬಾರದಿದ್ದರೆ, ಚೆನ್ನಾಗಿಯೇ ಓಡಿಸುತ್ತೇನೆ. ಸಂಕ್ಷೇಪವಾಗಿ ಹೇಳಬೇಕಾದರೆ ಅಣ್ಣ ಓಡಿಸಬಲ್ಲ, ನಾನು ಓದಬಲ್ಲೆ. ಕನ್ನಡದಲ್ಲಿ ಈ ಎರಡಕ್ಕೂ ಇರುವ ಅಂತರ ಒಂದು ಅಕ್ಷರ. ಪರದೇಶದಲ್ಲಿ ಅದು ಎಷ್ಟು ದೊಡ್ಡದಾಗುತ್ತದೆಂಬುದು ಮುಂದೆ ತಿಳಿಯಿತು.

ಮೊದಲು ರಹದಾರಿಯ ಮಾತು. ಬ್ರಿಟನ್ನಿನ ಕಾನೂನಿನಂತೆ ಅಲ್ಲಿಗೆ ಬಂದ ಪ್ರವಾಸಿ ತನ್ನ ದೇಶದ ಲೈಸೆನ್ಸಿನ ಮೇಲೆಯೇ ಹನ್ನೆರಡು ತಿಂಗಳು ಸಣ್ಣ ವಾಹನಗಳನ್ನು ಓಡಿಸಬಹುದು. ಆದರೆ ಕಾನೂನು ಒಪ್ಪಿದ ಮಾತ್ರಕ್ಕೆ ಕಾರಿನ ಒಡೆಯ ಒಪ್ಪಬೇಕೆಂದಿಲ್ಲ. ಬಾಡಿಗೆಗೆ ಕೊಡುವವರಲ್ಲಿ ಹಲವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಕೇಳುತ್ತಾರೆ. ಅದನ್ನು ಕೊಡುವುದು ನಾವು ವಾಸಿಸುವ ಸ್ಥಳದ ಸಾರಿಗೆ ಕಚೇರಿ, ಎಂದರೆ ನಮಗೆ ಚಿತ್ರದುರ್ಗ. ನಮೂನೆ 4ಎ, ಲೈಸೆನ್ಸು, ಪಾಸ್‌ಪೋರ್ಟು, ಭಾವಚಿತ್ರ, ಸಾವಿರ ರೂಪಾಯಿ ಶುಲ್ಕ. ಹಿಂದೆ ವೈದ್ಯರ ಸರ್ಟಿಫಿಕೇಟನ್ನೂ ವೀಸಾವನ್ನೂ ಮೊದಲೇ ತೋರಿಸಬೇಕಾಗಿತ್ತು. 2021ರಲ್ಲಿ ಆ ಕಟ್ಟಳೆಯನ್ನು ತೆಗೆದರು. ಪರವಾನಗಿಯ ಆಯುಸ್ಸು ಒಂದು ವರ್ಷ. ಅಷ್ಟರೊಳಗೆ ಮೂಲ ಲೈಸೆನ್ಸು ಮುಗಿದರೆ ಇದೂ ಅದರೊಡನೆ ಸಹಗಮನ ಮಾಡುತ್ತದೆ.

ಈ ಪುಟ್ಟ ಪುಸ್ತಕಕ್ಕೆ ಮೂಲ 1949ರ ಜಿನೀವಾ ಒಪ್ಪಂದ. ಭಾರತ ಅದಕ್ಕೆ ಸೇರಿದ್ದು 1962ರಲ್ಲಿ. ಒಪ್ಪಂದದಂತೆ ಅದರ ಕೊನೆಯ ಪುಟ ಫ್ರೆಂಚಿನಲ್ಲಿರಬೇಕು. ಅದೇ ಮಾತನ್ನು ಬೇರೆ ಬೇರೆ ಭಾಷೆಗಳ ಪುಟಗಳು ಹೇಳುತ್ತಿರಬೇಕು. ಅಣ್ಣ ಪುಸ್ತಕವನ್ನು ಹಿಂದುಮುಂದಾಗಿ ತಿರುವಿದ. "ಇಷ್ಟೊಂದು ಭಾಷೆಯಾಗೆ ನಾನು ಡ್ರೈವರ್ ಅಂತ ಬರೆದವರೆ, ನಮ್ಮದೊಂದು ಬಿಟ್ಟು" ಎಂದ. ವಾಹನಗಳನ್ನು ಅದರಲ್ಲಿ ಎ, ಬಿ, ಸಿ, ಡಿ, ಇ ಎಂದು ಐದು ಅಕ್ಷರಗಳಲ್ಲಿ ಹಂಚಿದ್ದಾರೆ. ಮೋಟಾರ್ ಸೈಕಲ್ಲು ಎ, ಕಾರು ಬಿ, ದೊಡ್ಡ ಸರಕು ಗಾಡಿ ಸಿ. ನನಗೆ ಬಿ ಒಂದೇ. ಅಣ್ಣನಿಗೆ ಸಿ ಕೂಡ. ಆ ದಿನವೆಲ್ಲ ಅವನು ನನ್ನನ್ನು ಕೊಂಚ ಕನಿಕರದಿಂದಲೇ ನೋಡಿದನೆಂದು ನನಗನ್ನಿಸಿತು.

ಈ ಪುಸ್ತಕ ಎಲ್ಲ ಕಡೆಗೂ ನಡೆಯುವ ನಾಣ್ಯವೆಂದು ಯಾರೂ ತಿಳಿಯಬಾರದು. ಜಪಾನಿನಲ್ಲಿ 1949ರ ಒಪ್ಪಂದದ ಈ ಪುಸ್ತಕ ನಡೆಯುತ್ತದೆ. ಚೀನಾದಲ್ಲಿ ಇದಕ್ಕೆ ಬೆಲೆಯಿಲ್ಲ. ಮೂಲ ಲೈಸೆನ್ಸು ಕೈಯಲ್ಲಿಲ್ಲದೆ ಬರಿಯ ಪುಸ್ತಕ ಹಿಡಿದು ಹೊರಟರೆ ಎಲ್ಲಿಯೂ ನಡೆಯದು.

ನಿಜವಾದ ತೊಡಕು ಬಂದದ್ದು ಕಾರನ್ನು ಕಾದಿರಿಸುವಾಗ. "ಮುಖ್ಯ ಚಾಲಕ ಯಾರು?" ಎಂಬ ಪ್ರಶ್ನೆಗೆ ಸಹಜವಾಗಿಯೇ ಅಣ್ಣನ ಹೆಸರು ಬರೆದೆ. ಮುಂದಿನ ಸಾಲಿನಲ್ಲಿ ಇತ್ತು: ಮುಖ್ಯ ಚಾಲಕನ ಸ್ವಂತ ಹೆಸರಿನ ಕ್ರೆಡಿಟ್ ಕಾರ್ಡು ಬೇಕು, ಕಾರನ್ನು ಒಪ್ಪಿಸುವಾಗ ಅದರ ಮೇಲೆ ಠೇವಣಿಯನ್ನು ತಡೆಹಿಡಿಯಲಾಗುವುದು. ಅಣ್ಣನಿಗೆ ಇದನ್ನು ಹೇಳಿದಾಗ ಒಳಗೆ ಹೋಗಿ ಪೆಟ್ಟಿಗೆ ತೆಗೆದು ಒಂದು ಕಾರ್ಡು ತಂದು ಕೊಟ್ಟ. ಕಿಸಾನ್ ಕ್ರೆಡಿಟ್ ಕಾರ್ಡು. "ಕ್ರೆಡಿಟ್ ಕಾರ್ಡೇ ಅಲ್ಲವೇನಪ್ಪ? ಮೇಲೆ ಬರೆದೈತಲ್ಲ." ಬೆಳೆಸಾಲಕ್ಕೆಂದು 1998ರಲ್ಲಿ ಸರ್ಕಾರ ತಂದ ಆ ಕಾರ್ಡಿಗೆ ನಮ್ಮ ದೇಶದಲ್ಲಿ ಎಷ್ಟೇ ಮಾನವಿರಲಿ, ಗ್ಲಾಸ್ಗೊದಲ್ಲಿ ಕಾರು ಕೊಡುವವನು ಅದನ್ನು ಒಪ್ಪುವಂತಿಲ್ಲವೆಂದು ವಿವರಿಸಬೇಕಾಯಿತು. ಹೀಗಾಗಿ ನಾನು ಮುಖ್ಯ ಚಾಲಕನಾದೆ. ಮೂವತ್ತು ವರ್ಷ ಲಾರಿ ತಿರುಗಿಸಿದವನು ದಿನಕ್ಕಿಷ್ಟು ಎಂಬ ಬೇರೆ ಶುಲ್ಕದ ಮೇಲೆ 'ಹೆಚ್ಚುವರಿ ಚಾಲಕ'ನಾದ.

"ಬೇಡ ಬಿಡಪ್ಪ, ನಿನ್ನ ಹೆಸರಲ್ಲಿ ತಗೊ, ಊರ ಹೊರಗೆ ಹೋದಮೇಲೆ ಅವರೇ ಓಡಿಸಲಿ, ಯಾರು ನೋಡ್ತಾರೆ?" ಎಂದು ಅತ್ತಿಗೆ ಅಂದರು. ದಿನದ ಶುಲ್ಕವನ್ನು ರೂಪಾಯಿಗೆ ತಿರುಗಿಸಿ ನೋಡಿ ಹೊಟ್ಟೆಯುರಿದು ಆಡಿದ ಮಾತು. ಅಣ್ಣ ಒಪ್ಪಲಿಲ್ಲ. "ಕಾಗದದಾಗೆ ನನ್ನ ಹೆಸರಿಲ್ಲದಿದ್ದರೆ ನಾನು ಸ್ಟೇರಿಂಗ್ ಮುಟ್ಟಾಕಿಲ್ಲ" ಎಂದ.

ಅವನು ಹಾಗೆ ಹೇಳುವುದಕ್ಕೆ ಕಾರಣವಿತ್ತು. ನಮ್ಮ ಪಕ್ಕದ ಹಳ್ಳಿಯಲ್ಲಿ ಒಬ್ಬರು ತಮ್ಮ ಟೆಂಪೋವನ್ನು ಮದುವೆಯೊಂದಕ್ಕೆಂದು ನೆಂಟರ ಹುಡುಗನ ಕೈಗೆ ಕೊಟ್ಟರು. ಗಾಡಿಗೆ ವಿಮೆ ಇತ್ತು, ಕಂತು ಕಟ್ಟಿತ್ತು. ಹುಡುಗನಲ್ಲಿದ್ದದ್ದು ಬೈಕಿನ ಲೈಸೆನ್ಸು. ದಾರಿಯಲ್ಲಿ ಒಬ್ಬ ಕೂಲಿಯವನಿಗೆ ತಗುಲಿ ಅವನ ಕಾಲು ಹೋಯಿತು. ಗಾಯಗೊಂಡವನು ಬರಿಗೈಯಲ್ಲಿ ಹೋಗಬಾರದೆಂದು ವಿಮೆಯವರಿಂದ ಮೊದಲು ಪರಿಹಾರ ಕೊಡಿಸಿ, ಅದನ್ನು ಗಾಡಿಯ ಒಡೆಯನಿಂದ ವಸೂಲು ಮಾಡಿಕೊಳ್ಳಿ ಎಂದು ನ್ಯಾಯಾಲಯ ಹೇಳಬಹುದು. ಇಲ್ಲಿಯೂ ಹಾಗೆಯೇ ಆಯಿತು. ಒಡೆಯರು ಎರಡು ಎಕರೆ ಮಾರಿದರು. ಆ ಹೊಲದ ಮುಂದೆ ಹೋಗುವಾಗಲೆಲ್ಲ ಅಣ್ಣ ಇಂದಿಗೂ ಮಾತು ನಿಲ್ಲಿಸುತ್ತಾನೆ. ವಿಮೆ ಎಂಬುದು ಗಾಡಿಗೆ ಮಾತ್ರವಲ್ಲ, ಗಾಡಿಯ ಮೇಲೆ ಕುಳಿತವನ ಹೆಸರಿಗೂ ಸೇರಿದ್ದು ಎಂಬುದನ್ನು ಅವನಿಗೆ ಯಾವ ಪುಸ್ತಕವೂ ಹೇಳಬೇಕಾಗಿರಲಿಲ್ಲ. ಬ್ರಿಟನ್ನಿನಲ್ಲಿ 1930ರ ಕಾಯಿದೆಯಿಂದಲೂ ನಮ್ಮಲ್ಲಿ 1939ರ ಕಾಯಿದೆಯಿಂದಲೂ ಮೂರನೆಯವರ ವಿಮೆ ಕಡ್ಡಾಯ. ಅಲ್ಲಿ ಬಾಡಿಗೆಯೊಳಗೇ ಅದು ಸೇರಿರುತ್ತದೆ. ಆದರೆ ಕರಾರಿನಲ್ಲಿ ಹೆಸರಿಲ್ಲದವನು ಓಡಿಸಿ ಏನಾದರೂ ಆದರೆ, ನಷ್ಟವೆಲ್ಲ ಕಾರು ಪಡೆದವನ ತಲೆಯ ಮೇಲೆ ಬರುತ್ತದೆ.

ಆಮೇಲೆ ನಾಲ್ಕು ರಾತ್ರಿ, ಊಟವಾದ ಮೇಲೆ, ಆ ಹದಿನಾಲ್ಕು ಪುಟಗಳನ್ನು ಅಣ್ಣನಿಗೆ ಕನ್ನಡದಲ್ಲಿ ಹೇಳಿದೆ. ಇಪ್ಪತ್ತು ವರ್ಷ ಹಳಗನ್ನಡ ಕಾವ್ಯಗಳಿಗೆ ಅರ್ಥ ಹೇಳಿದ ನನಗೆ ಇಷ್ಟು ಕಠಿಣವಾದ ಪಠ್ಯ ಸಿಕ್ಕಿರಲಿಲ್ಲ. ಇಷ್ಟು ಎಚ್ಚರದಿಂದ ಕೇಳಿದ ವಿದ್ಯಾರ್ಥಿಯೂ ಸಿಕ್ಕಿರಲಿಲ್ಲ. 'ಕೊಲಿಷನ್ ಡ್ಯಾಮೇಜ್ ವೇವರ್' ಎಂಬಲ್ಲಿಗೆ ಬಂದಾಗ, ಕಾರಿಗೆ ಪೆಟ್ಟಾದರೆ ಅದರ ನಷ್ಟವನ್ನು ಮನ್ನಾ ಮಾಡುತ್ತಾರೆ ಎಂದೆ.

"ಮನ್ನಾ ಅಂದ್ರೆ ಪೂರ್ತಿ ಮನ್ನಾನೋ, ಬಡ್ಡಿ ಮನ್ನಾನೋ?"

ಈ ಪ್ರಶ್ನೆಯನ್ನು ಸಾಲಮನ್ನಾಗಳನ್ನು ಕಂಡ ರೈತನಲ್ಲದೆ ಬೇರೆ ಯಾರು ಕೇಳಿಯಾರು? ಇಡೀ ಕರಾರಿನ ಗುಟ್ಟು ಅದರಲ್ಲಿಯೇ ಇತ್ತು. ಮನ್ನಾ ಪೂರ್ತಿಯಲ್ಲ. 'ಎಕ್ಸೆಸ್' ಎಂದು ಒಂದು ಗೆರೆ ಎಳೆದಿರುತ್ತಾರೆ. ನಷ್ಟದಲ್ಲಿ ಆ ಗೆರೆಯವರೆಗೆ ನಾವು ಕೊಡಬೇಕು, ಮೇಲಿನದಷ್ಟೇ ಮನ್ನಾ. ನಮ್ಮ ಕರಾರಿನಲ್ಲಿ ಗೆರೆ ಇದ್ದದ್ದು 1,200 ಪೌಂಡಿಗೆ, ಎಂದರೆ ಒಂದು ಲಕ್ಷ ರೂಪಾಯಿಗೂ ಮೇಲೆ. ಅಷ್ಟನ್ನೇ ನನ್ನ ಕಾರ್ಡಿನ ಮೇಲೆ ತಡೆಹಿಡಿಯುವುದು. ಅಣ್ಣ "ಎರಡು ಕ್ವಿಂಟಲ್ ಅಡಿಕೆ" ಎಂದು ಲೆಕ್ಕ ಕಟ್ಟಿ ಸುಮ್ಮನಾದ. ಗಾಜು, ಚಕ್ರ, ಕಾರಿನ ತಳಭಾಗ ಇವು ಸಾಮಾನ್ಯವಾಗಿ ಈ ಮನ್ನಾಕ್ಕೂ ಸೇರಿರುವುದಿಲ್ಲ. ಸೇರಬೇಕಾದರೆ ಇನ್ನಷ್ಟು ಹಣ. ಗೆರೆಯನ್ನು ಸೊನ್ನೆಗೆ ಇಳಿಸಿಕೊಡುತ್ತೇವೆಂದು ಕಾರು ಕೊಡುವವರೇ ಒಂದು ವಿಮೆ ಮಾರುತ್ತಾರೆ. ಹೊರಗಿನ ಕಂಪನಿಗಳೂ ಬೇರೆಯಾಗಿ ಮಾರುತ್ತವೆ. ಹೊರಗಿನದನ್ನು ಕೊಂಡವನು ನಷ್ಟವನ್ನು ಮೊದಲು ತಾನು ತೆತ್ತು ಆಮೇಲೆ ಕೇಳಿ ಪಡೆಯಬೇಕು. ಕೊಳ್ಳುವ ಮೊದಲು ಅದು ಭಾರತದಲ್ಲಿ ವಾಸಿಸುವವರಿಗೆ ಅನ್ವಯಿಸುತ್ತದೆಯೇ ಎಂದು ನೋಡಿಕೊಳ್ಳತಕ್ಕದ್ದು. ಅಣ್ಣ ಯಾವುದೂ ಬೇಡವೆಂದ. ಗೆರೆಯ ಕೆಳಗಿನದು ತನ್ನ ಕೈಯ ಕೆಲಸ, ಮೇಲಿನದು ದೇವರ ಕೆಲಸ, ಅದಕ್ಕೆ ವಿಮೆ ಇದೆ ಎಂಬುದು ಅವನ ವಾದ. ಕಾರ್ಡು ನನ್ನದಾದ್ದರಿಂದ ನಾನು ಇನ್ನೂ ಎರಡು ದಿನ ಯೋಚಿಸಿದೆ. ಕೊನೆಗೆ ಗಾಜು ಚಕ್ರಗಳಿಗೆ ಮಾತ್ರ ಹಣ ಕಟ್ಟಿದೆ. ಕಲ್ಲು ಸಿಡಿಯುವುದು ಯಾರ ಕೈಯ ಕೆಲಸವೂ ಅಲ್ಲವಷ್ಟೆ.

ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಮೇಲೆ 2015ರ ನವೆಂಬರಿನಲ್ಲಿ ಸ್ಥಾಪನೆಯಾದ ಬಸವೇಶ್ವರರ ಪ್ರತಿಮೆಯನ್ನು ನೋಡಲೇಬೇಕೆಂದು ಅತ್ತಿಗೆಯ ಸಂಕಲ್ಪ. ಅದನ್ನು ರೈಲಿನಲ್ಲಿಯೇ ಮುಗಿಸಿದೆವು. ಆ ನಗರದ ನಡುಭಾಗಕ್ಕೆ ಕಾರು ತಂದವರಿಂದ 2003ರಿಂದಲೂ ದಟ್ಟಣೆಯ ಸುಂಕ ವಸೂಲು ಮಾಡುತ್ತಾರೆ. ಕಾರು ಪಡೆದದ್ದು ಗ್ಲಾಸ್ಗೊದಲ್ಲಿ.

ಅಂಗಡಿಯ ಹುಡುಗ ಸಭ್ಯ. ನನ್ನನ್ನು ಮಹಾ ಚಾಲಕನೆಂದೇ ತಿಳಿದು ಬೀಗದ ಕೈಯನ್ನು ನನ್ನ ಮುಂದಿಟ್ಟ. ಅಣ್ಣನಿಂದ ಸಹಿ ಬೇಕಾಗಿತ್ತು. ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಬೇಕೆಂದ. ಅಣ್ಣ ಕನ್ನಡಕ ಹಾಕಿಕೊಂಡು, ಸೊಸೈಟಿಯ ಸಾಲಪತ್ರಕ್ಕೆ ಹಾಕುವಷ್ಟೇ ನಿಧಾನವಾಗಿ, ಕನ್ನಡದಲ್ಲಿ ತನ್ನ ಪೂರ್ತಿ ಹೆಸರು ಬರೆದ. ಹುಡುಗ ಪಾಸ್‌ಪೋರ್ಟಿನ ಸಹಿಯನ್ನೂ ಇದನ್ನೂ ಒಂದೊಂದೇ ಸುಳಿ ಹಿಡಿದು ಹೋಲಿಸಿ ನೋಡಿ, ಬಹಳ ಸುಂದರವಾದ ಲಿಪಿ ಎಂದ. ಅದನ್ನೂ ನಾನು ಅನುವಾದ ಮಾಡಿ ಹೇಳಿದೆ.

ಆಮೇಲಿನದು ಅಣ್ಣನ ರಾಜ್ಯ. ದನದ ಜಾತ್ರೆಯಲ್ಲಿ ಎತ್ತಿನ ಸುತ್ತ ಬರುವಂತೆ ಕಾರಿನ ಸುತ್ತ ಮೂರು ಸಲ ಬಂದ. ಮುಂದಿನ ಗಾಜಿನ ಮೂಲೆಯಲ್ಲಿ ಸಾಸಿವೆಯಷ್ಟು ಕಲ್ಲೇಟು, ಎಡ ಚಕ್ರದ ಬಳೆಯ ಮೇಲೆ ಗೀರು. ಎರಡೂ ಅವರ ಪಟ್ಟಿಯಲ್ಲಿ ಇರಲಿಲ್ಲ. ಬರೆಸಿದ, ನನ್ನ ಫೋನಿನಲ್ಲಿ ಚಿತ್ರವನ್ನೂ ತೆಗೆಸಿದ. ಹುಡುಗನ ಗೌರವ ಅಲ್ಲಿಂದ ನನ್ನ ಕಡೆಯಿಂದ ಅಣ್ಣನ ಕಡೆಗೆ ತಿರುಗಿದ್ದು ಸ್ಪಷ್ಟವಾಗಿ ಕಂಡಿತು.

ಲೋಮಂಡ್ ಸರೋವರದ ಪಕ್ಕದಲ್ಲಿ, ಗ್ಲೆನ್‌ಕೋ ಕಣಿವೆಯ ನಡುವೆ, ಫೋರ್ಟ್ ವಿಲಿಯಂ ದಾಟಿ ಸ್ಕೈ ದ್ವೀಪದವರೆಗೆ ಹೋದೆವು. ಎಡಗಡೆಯ ಸಂಚಾರ ನಮ್ಮದೇ. ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡುವುದೊಂದನ್ನು ಮಾತ್ರ ನಾನು ಪಕ್ಕದಲ್ಲಿ ಕುಳಿತು ಜಪದಂತೆ ಹೇಳುತ್ತಿದ್ದೆ. ವೇಗದ ಫಲಕಗಳು ಮೈಲಿಯಲ್ಲಿವೆ. ಮಿತಿ ಮೀರಿದರೆ ದಂಡದ ನೋಟೀಸು ಕಾರಿನವರಿಗೆ ಹೋಗಿ, ಅವರು ನಮ್ಮ ವಿಳಾಸ ತಿಳಿಸಿ, ಆ ಉಪಕಾರಕ್ಕೂ ಬೇರೆ ಶುಲ್ಕ ಹಿಡಿಯುತ್ತಾರೆ. ಗುಡ್ಡಗಾಡಿನಲ್ಲಿ ಒಂದೇ ಗಾಡಿಯ ಅಗಲದ ರಸ್ತೆಗಳಿವೆ. ಅಲ್ಲಲ್ಲಿ ಅಗಲ ಮಾಡಿ ಫಲಕ ನೆಟ್ಟಿರುತ್ತಾರೆ. ಎದುರು ಗಾಡಿ ಕಂಡರೆ ಯಾರಿಗೆ ಹತ್ತಿರವೋ ಅವರು ಅಲ್ಲಿ ನಿಂತು ದಾರಿ ಬಿಡುತ್ತಾರೆ, ಹೋಗುವವರು ಕೈಯೆತ್ತಿ ವಂದಿಸುತ್ತಾರೆ. ಇದನ್ನು ನಾನು ಓದಿ ಹೇಳುವ ಮೊದಲೇ ಅಣ್ಣ ಮಾಡುತ್ತಿದ್ದ. ನಮ್ಮ ತೋಟಗಳ ನಡುವಿನ ದಾರಿಯಲ್ಲಿ ಎದುರುಬದುರಾದ ಟ್ರ್ಯಾಕ್ಟರುಗಳದೂ ಇದೇ ಶಾಸ್ತ್ರ. ಹಿಂದಿನ ಸೀಟಿನಲ್ಲಿ ಮಗಳು ಫೋಟೋ ತೆಗೆಯುವುದನ್ನು ಬಿಟ್ಟು ಅಪ್ಪನ ಕೈಯನ್ನೇ ನೋಡುತ್ತ ಕುಳಿತಿದ್ದಳು.

ಆರನೆಯ ದಿನ ಎಣ್ಣೆ ತುಂಬಿಸಿ, ರಸೀತಿ ಇಟ್ಟುಕೊಂಡು, ಕಾರು ಒಪ್ಪಿಸಿದೆವು. ಹೊಸ ಗೀರು ಒಂದೂ ಇಲ್ಲವೆಂದು ಬರೆದುಕೊಟ್ಟರು. ತಡೆಹಿಡಿದ ಹಣ ಬಿಡುಗಡೆಯಾದ ಸಂದೇಶ ಬಂದದ್ದು ನಾವು ಊರಿಗೆ ಬಂದ ಮೇಲೆ, ಕಾಲೇಜಿನಲ್ಲಿ ಪಾಠದ ನಡುವೆ. ಗಂಟೆ ಹೊಡೆದ ಕೂಡಲೇ ಅಣ್ಣನಿಗೆ ಫೋನು ಮಾಡಿದೆ. ತೋಟದಲ್ಲಿ ಮೋಟಾರು ಓಡುತ್ತಿದ್ದ ಸದ್ದು, ಅವನು ಎರಡು ಸಲ ಕೇಳಿಸಿಕೊಂಡು, "ಪೂರ್ತಿ ಬಂತಾ, ಏನಾದರೂ ಹಿಡಿದವರಾ?" ಎಂದ.

ಪೂರ್ತಿ ಬಂದಿದೆ ಎಂದೆ.

"ಆ ಸಣ್ಣ ಪುಸ್ತಕ ಜೋಪಾನವಾಗಿಡು. ಇನ್ನೂ ಹತ್ತು ತಿಂಗಳು ಐತೆ ಅದಕ್ಕೆ."